ಪಿರೋಜಾ ಕಲ್ಲಿನ ಆರೈಕೆ

ಬೆಳಕು ಹರಿಯುವ ಮುನ್ನ ನನ್ನ ಕೈ ರಾತ್ರಿಯ ಪಾತ್ರೆ ತಿಕ್ಕುತ್ತದೆ, ಒಲೆಕಟ್ಟೆ ಒರೆಸುತ್ತದೆ, ಹಿಟ್ಟು ನಾದುತ್ತದೆ, ನಿಂಬೆ ಹಿಂಡುತ್ತದೆ, ಯಾರದೋ ಅಂಗಿಯ ಕಾಲರಿಗೆ ಸೋಪು ಉಜ್ಜುತ್ತದೆ. ಇಂಥ ವೀರ ಹಸ್ತಕ್ಕೆ ಮದುವೆಯಾದ ಹತ್ತನೇ ವರ್ಷ ಆಕಾಶನೀಲಿ ಪಿರೋಜಾ ಕಲ್ಲಿನ ಉಂಗುರ ಬಂತು. ಒಂದೇ ಕಲ್ಲನ್ನು ಸೀಳಿ ಎರಡು ಉಂಗುರ, ಇನ್ನೊಂದು ಯಜಮಾನರಿಗೆ.

"ನೋಡ್ತಾ ಇರಿ, ನಿಮ್ಮದಕ್ಕಿಂತ ನನ್ನದೇ ಫಳಫಳ ಅನ್ನತ್ತೆ!" ಎಂದು ಸವಾಲು ಹಾಕಿದೆ. ನಾನು ತೊಳೆದ ಯಾವ ವಸ್ತು ತಾನೇ ಹೊಳೆದಿಲ್ಲ?

ಶನಿವಾರ ಬಂತೆಂದರೆ ಉಂಗುರಕ್ಕೆ ಬಿಸಿನೀರಿನ ಸ್ನಾನ. ತುಸು ಮಂಕಾಯಿತೇ? ನಿಂಬೆಹೋಳು. ಇನ್ನೂ ಮಂಕಾಯಿತೇ? ಸೋಪಿನಪುಡಿ, ಹಳೇ ಬ್ರಶ್ಶು. ಕೊನೆಗೆ ಹೊಳಪಿಗೆಂದು ಎರಡು ಹನಿ ಎಣ್ಣೆ. ಆರೇ ತಿಂಗಳಲ್ಲಿ ನನ್ನ ಆಕಾಶ ನೀರಿನ ತೊಟ್ಟಿಯ ಪಾಚಿಯಾಯಿತು!

"ಒಂದು ಉಂಗುರ ಜೋಪಾನ ಮಾಡಕ್ಕಾಗಲ್ವೇನೇ ನಿಂಗೆ? ನಂದು ನೋಡು!" ಪೇಪರು ಹಿಡಿದ ಬೆರಳನ್ನೇ ಯಜಮಾನರು ಮೇಲೆತ್ತಿದರು. ನೀಲಿಯೋ ನೀಲಿ!

"ನನಗೆ ಮಾತ್ರ ನಕಲಿ ಕಟ್ಟಿದಾರೆ, ನಡೀರಿ!" ಎಂದು ಅವರನ್ನೂ ಎಳೆದುಕೊಂಡು ಅಕ್ಕಸಾಲಿಗನ ಅಂಗಡಿಗೆ ನುಗ್ಗಿದೆ.

ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. "ಅಸಲಿ ಕಲ್ಲೇ ತಾಯಿ. ಒಳಗಿನ ತಾಮ್ರದಿಂದ ಈ ನೀಲಿ. ಆದ್ರೆ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಎಣ್ಣೆ, ಸೋಪು, ಬೆವರು, ಎಲ್ಲ ಕುಡಿದು ಹಸಿರಾಗತ್ತೆ. ಹುಳಿಯಂತೂ ವಿಷ! ಏನು ಹಾಕಿ ತೊಳೆದ್ರಿ?"

ಹೇಳಿದೆ. ಮುದುಕ ಮೇಜು ಹಿಡಿದುಕೊಂಡು ಸುಧಾರಿಸಿಕೊಂಡ.

"ಸ್ವಾಮಿ, ನೀವೇನು ಮಾಡಿದ್ರಿ?"

"ನಾನಾ? ನಾನೇನೂ ಮಾಡ್ಲಿಲ್ಲ."

"ಅದೇ ನೋಡಿ, ಸರಿಯಾದ ಆರೈಕೆ!"

ಹತ್ತು ವರ್ಷ ಮನೆಯಲ್ಲಿ ಏನೂ ಮಾಡದ ಮಹಾಶಯರಿಗೆ ಬಿರುದು ಪ್ರದಾನ! ಅವರ ಎದೆ ಅಂಗಡಿಯ ಬಾಗಿಲಿಗೂ ಹಿಡಿಸದಷ್ಟು ಉಬ್ಬಿತು.

"ಇದು ಮತ್ತೆ ನೀಲಿಯಾಗತ್ತಾ?" ಹಲ್ಲು ಕಚ್ಚಿಕೊಂಡು ಕೇಳಿದೆ.

"ಇಲ್ಲ ತಾಯಿ. ಇನ್ನು ಹಾಕ್ಕೊಂಡೇ ಪಾತ್ರೆ ತೊಳೀಬಹುದು. ಕೆಡಕ್ಕೆ ಏನೂ ಉಳಿದಿಲ್ಲ."

ಮರುದಿನ ಎಂದಿನಂತೆ ನಸುಕಿನಲ್ಲೇ ಎದ್ದೆ. ಯಜಮಾನರು ಗೊರಕೆಯಲ್ಲಿದ್ದರು, ಅವರ ನೀಲಿ ಉಂಗುರ ಕನ್ನಡಕದ ಪಕ್ಕದಲ್ಲಿತ್ತು. ಅದನ್ನು ನನ್ನ ಹೆಬ್ಬೆರಳಿಗೇರಿಸಿದೆ. ಪಾತ್ರೆ ತೊಳೆಯಲು ಅಡ್ಡಿಯಿಲ್ಲದ ಹಸಿರು ಉಂಗುರವನ್ನು ಅವರ ಕಿರುಬೆರಳಿಗೆ ಮೆಲ್ಲನೆ ತೊಡಿಸಿದೆ. ಮತ್ತೆ ಹೊದಿಕೆಯೊಳಗೆ ಸೇರಿ ಕಲ್ಲಿನ ಆರೈಕೆಯಲ್ಲಿ ತೊಡಗಿದೆ.

ಕಲ್ಲು ಸುಖವಾಗಿತ್ತು. ಆದರೆ ಸಿಂಕಿನಲ್ಲಿದ್ದ ಬಾಣಲೆಯನ್ನು ನೆನೆನೆನೆದು ಕೈ ತುರಿಸತೊಡಗಿತು! ಮಾನಗೆಟ್ಟ ಕೈ! ಅದನ್ನು ದಿಂಬಿನಡಿ ತುರುಕಿ, ಮೇಲೆ ನಾನೇ ತಲೆಯಿಟ್ಟು ಮಲಗಿದೆ.