ಹೊಳಬಸಪ್ಪನ ಪಡಸಾಲೆಯ ಸಭೆ

ಮಳೆಯಲ್ಲಿ ನೆನೆಯುತ್ತಿದ್ದವರನ್ನು ಒಳಗೆ ಕರೆದದ್ದೇ ಹೊಳಬಸಪ್ಪ ಮಾಡಿದ ತಪ್ಪು. 1996ರ ಒಂದು ಭಾನುವಾರ, ಮರಾಠಿ ನಾಡಿನ ನಿಗಡಿಯಲ್ಲಿ ಅವನ ಮನೆಯೆದುರು ಸಭಾಪಾಲಕ ದೇವದಾನರು ಏಳು ಜನರೊಂದಿಗೆ, ಬೈಬಲನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ನಿಂತಿದ್ದರು. ಕೂಡಲು ಜಾಗವಿಲ್ಲದ, ಕನ್ನಡ ಕ್ರೈಸ್ತರ ಹೊಸ ಪ್ರೆಸ್ಬಿಟೇರಿಯನ್ ಸಭೆ ಅದು. "ಮಳಿ ನಿಲ್ಲೋ ತನಕ ಒಳಗ ಕೂತು ಪ್ರಾರ್ಥನಿ ಮಾಡ್ರಿ" ಅಂದ ಹೊಳಬಸಪ್ಪ. ಮಳೆ ಒಂದು ತಾಸಿಗೆ ನಿಂತಿತು. ಸಭೆ ಎರಡು ವರ್ಷವಾದರೂ ಏಳಲಿಲ್ಲ. ಏಳು ಜನ ಹೋಗಿ ಮೂವತ್ತು ಜನರಾದರು.

ಕಾರ್ಖಾನೆಯ ಗುಮಾಸ್ತನಾದ ಹೊಳಬಸಪ್ಪನಿಗೆ ವಾರಕ್ಕೆ ಒಂದೇ ರಜೆ. ಆ ದಿನ ಪಡಸಾಲೆಯ ದಿವಾನದ ಮೇಲೆ ಅಂಗಾತ ಮಲಗಬೇಕೆಂಬುದಷ್ಟೇ ಅವನ ಆಸೆ. ಆದರೆ ಇಂಥ ಒಳ್ಳೆಯವರಿಗೆ ಏಳಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಹೆಂಡತಿ ಕಲ್ಲವ್ವನಂತೂ ಸಭೆಯ ಕಡೆಯವಳು. ಮರಾಠಿಯ ಊರಿನಲ್ಲಿ ಅವಳಿಗೆ ಕಿವಿ ತುಂಬ ಕನ್ನಡ ಸಿಗುತ್ತಿದ್ದುದು ಭಾನುವಾರವೇ.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೇವದಾನರು ಸುದ್ದಿ ತಂದರು. "ಇವತ್ತ ದೌಂಡದಿಂದ ಸಭಿ ಹಿರಿಯರು ಬರ್ತಾರ್ರಿ. ಸಭಿ ಬೆಳದದ್ದು ಕಂಡ್ರ ಇಲ್ಲೇ ಬಾಜೂಕಿನ ಆಕುರ್ಡಿಯೊಳಗ ಸ್ವಂತ ಜಾಗಾ ಕೊಡಸ್ತಾರ."

"ಎಷ್ಟು ಮಂದಿ ಬೇಕ್ರಿ?"

"ಐವತ್ತಾದ್ರ ಭಾಳ ಚಲೋ."

"ಚಿಂತಿ ಬಿಡ್ರಿ" ಎಂದು ಹೊಳಬಸಪ್ಪ ಮೆಟ್ಟಿಲು ಹತ್ತಿದ.

ಮೇಲಿನ ಮನೆಯ ನಿವೃತ್ತ ಇಂಜಿನಿಯರ್ ಬಿಂದುಮಾಧವರಾಯರು, "ನಾ ಎದಕ್ಕ ಬರ್ಲಿ?" ಅಂದರು.

"ಒಂದು ತಾಸು ಸುಮ್ಮನ ಕೂಡ್ರಿ. ಆಮ್ಯಾಲ ಚುರುಮರಿ ಸುಸಲಾ, ಮಿರ್ಚಿ ಭಜಿ."

ಪಕ್ಕದ ಮನೆಯ ಸುಲಭಾಬಾಯಿಯವರಿಗೆ ಅಷ್ಟೂ ಹೇಳಬೇಕಾಗಲಿಲ್ಲ. ಅವರು ತಮ್ಮ ಭಜನಾ ಮಂಡಳಿಯನ್ನು ತಾಳದ ಸಮೇತ ಹೊರಡಿಸಿಕೊಂಡು ಬಂದರು.

ದೌಂಡದಿಂದ ಬಂದ ಹಿರಿಯ ಅಂಬಣ್ಣನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮುಖದಲ್ಲಿ ಎಂದೂ ಹಸಿರು ನಿಶಾನೆ ಕಂಡಿದ್ದಿಲ್ಲ. ಮೊದಲ ಕೀರ್ತನೆ ಶುರುವಾಯಿತು. ಎರಡನೆಯ ಚರಣಕ್ಕೆ ಮಂಡಳಿಯ ತಾಳ ಸೇರಿತು, ಮೂರನೆಯದಕ್ಕೆ ಮಂಡಳಿಯೇ ಮುಂದೆ ಓಡಿತು, ದೇವದಾನರು ಏದುಸಿರು ಬಿಡುತ್ತ ಹಿಂದೆ ಓಡಿದರು. ಅಂಬಣ್ಣನವರ ಹುಬ್ಬು ಗಂಟಾಯಿತು. ಆದರೆ ಕೊನೆಯ ಚರಣದ ಹೊತ್ತಿಗೆ ಹಿರಿಯರ ಹೆಬ್ಬೆರಳೇ ತಾಳ ಹಾಕುತ್ತಿತ್ತು. ಗೆದ್ದೆ ಅಂದುಕೊಂಡ ಹೊಳಬಸಪ್ಪ.

ಪ್ರಾರ್ಥನೆ ಮುಗಿದು ಭಜಿಯ ತಟ್ಟೆಗಳು ಬಂದಾಗ ಅಂಬಣ್ಣನವರು ಎದ್ದು ನಿಂತರು. "ಆಕುರ್ಡಿ ಜಾಗದ ಕಾಗದ ನನ್ನ ಕಿಸೆದಾಗ ಅದ." ಹೊಳಬಸಪ್ಪ ದಿವಾನದ ಕಡೆ ಪ್ರೀತಿಯಿಂದ ನೋಡಿದ. "ಆದರ ನೆರಿಹೊರಿಯವರೆಲ್ಲಾ ತಾವಾಗೇ ಬಂದು ಹಾಡೋ ಇಂಥಾ ಮನಿ ಬಿಟ್ಟು ಹೋದ್ರ ನಾವು ಹುಚ್ಚರು. ಸಭಿ ಇಲ್ಲೇ ಇರ್ಲಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಳಬಸಪ್ಪ ನಾಚಿಕೆ ಬಿಟ್ಟು ನಿಜ ಹೇಳಿದ. "ಅವರೆಲ್ಲಾ ಭಜಿ ಸಲುವಾಗಿ ಬಂದಾರ್ರೀ."

"ಬರ್ಲಿ ಬಿಡ್ರಿ. ಯೇಸುಸ್ವಾಮಿ ಸೈತ ಐದು ಸಾವಿರ ಮಂದಿ ಹಸಿವಿ ನೋಡಿ ರೊಟ್ಟಿ ಕೊಟ್ಟಾನ" ಅಂದರು ಅಂಬಣ್ಣನವರು. "ಆದರ ಇನ್ನ ಈ ಪಡಸಾಲಿ ಸಾಲೂದಿಲ್ಲ."

ಬಿಂದುಮಾಧವರಾಯರು ಬಾಯಿತುಂಬ ಭಜಿ ಇಟ್ಟುಕೊಂಡೇ ಎದ್ದು, ಮಲಗುವ ಕೋಣೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ಇದು ಭಾರ ಹೊರೋ ಗೋಡಿ ಅಲ್ಲರಿ. ತೆಗದ್ರ ನೂರು ಮಂದಿ ಆರಾಮ ಕೂಡಬಹುದು."

ಎಲ್ಲರೂ ಹೊಳಬಸಪ್ಪನ ಮುಖ ನೋಡಿದರು. ಅವನು ಕಲ್ಲವ್ವನಾದರೂ ಬೇಡವೆಂದಾಳೆಂದು ಅವಳನ್ನು ಹುಡುಕಿದ. ಅವಳು ಆಗಲೇ ಒಳಗೆ ಹೋಗಿ ಹಾಸಿಗೆ ಸುತ್ತುತ್ತಿದ್ದಳು.