ಕಲ್ಲ ತಗದ ತೂಗ್ರಿ

ಬೆಳ್ಳಿ ಅಂಗಡ್ಯಾಗ ಕುಂತವರಿಗೆ ನಗಾಕ ಎಲ್ಲೂ ಹೋಗೂದು ಬೇಕಾಗಿಲ್ಲ. ಜನ ತಮ್ಮ ಖರ್ಚಿನ್ಯಾಗ ಬಸ್ ಹತ್ತಿ ಬಂದು ನಗಸಿ ಹೋಗ್ತಾರ. ನಮ್ಮದು ಚಿಕ್ಕೋಡಿ ಪ್ಯಾಟ್ಯಾಗ ಮಾವಾರ ಕಾಲದ ಅಂಗಡಿ. ಕಾಲ್ಗೆಜ್ಜಿ, ಕಾಲುಂಗುರ, ಉಡದಾರ, ಇಷ್ಟ ಮಾರ್ತೀವಿ.

ನಾ ನಿಪ್ಪಾಣಿ ಕಡೆ ಹುಟ್ಟಿದಾಕಿ. ಅಪ್ಪನ ಬಾಜೂಕ ಕುಂತು ತಂತಿ ಜಗ್ಗೂದು, ಬೆಸಗಿ ಹಾಕೂದು, ಕಲ್ಲ ಕೂರಸೂದು ಕಲಿತಾಕಿ. ಇಪ್ಪತ್ತು ವರ್ಷ ಮಂದಿ ಹೇಳಿದ್ದನ್ನ ಮಾಡಿ ಕೊಟ್ಟೆ. ಹೋದ ವರ್ಷ ತಲ್ಯಾಗ ಒಂದು ಹುಚ್ಚು ಹೊಕ್ಕಿತು. ನಮ್ಮ ಕಡೆ ಚಳಿಗಾಲ, ವಸಂತ, ಬ್ಯಾಸಗಿ, ಮಳಿಗಾಲ ಹೆಂಗ ಕಾಣತಾವೋ ಹಂಗ ಬೆಳ್ಳಿ-ಕಲ್ಲಿನ್ಯಾಗ ಮಾಡಬೇಕು, ಒಂದು ಕಾಲಕ್ಕ ಒಂದ ಒಡವಿ.

ಮಾವಾರಿಗೆ ಹೇಳಿದೆ. ಮಾವಾರಿಗೆ ಕಲ್ಲಂದ್ರ ಆಗಂಗಿಲ್ಲ. ಅವರ ಧರ್ಮ ಒಂದೇ: "ಕಲ್ಲ ತಗದ ತೂಗು." ಯಾರರೆ ಹಳೇ ಒಡವಿ ತಂದ್ರ ಮೊದಲ ಚಿಮಟಾಲೆ ಕಲ್ಲ ಕಿತ್ತು ಬದಿಗಿಟ್ಟು, ಆಮ್ಯಾಲ ತಕ್ಕಡಿಗೆ ಹಾಕ್ತಾರ. ಕಿತ್ತ ಕಲ್ಲನ್ನ ಗಿರಾಕಿ ಕೈಯಾಗಿಟ್ಟು, "ಮೊಮ್ಮಕ್ಕಳಿಗೆ ಆಡಾಕ ಕೊಡ್ರಿ" ಅಂತಾರ.

ಅಂಥಾ ಮಾವಾರು ಗಾಜಿನ ಕಪಾಟಿನ್ಯಾಗ ಒಂದು ಫಳಿ ನನಗ ಬಿಟ್ಟುಕೊಟ್ರು. ಕರಾರು ಒಂದಿತ್ತು. "ಈ ಗಣಪತಿ ಹಬ್ಬದಿಂದ ಮುಂದಿನ ಗಣಪತಿ ಹಬ್ಬದ ತನಕ ನೋಡೂಣವಾ. ನಾಲ್ಕರಾಗ ಒಂದರೆ ಮಾರಿ ಹೋಗಿ, ವಾಪಸ್ ಬರದಂಗ ಉಳೀಬೇಕು. ನಾಲ್ಕೂ ತಿರುಗಿ ಬಂದ್ವು ಅಂದ್ರ ಆ ಫಳಿ ಮ್ಯಾಲೆ ಉಡದಾರ ಇಡ್ತೀನಿ."

ನಮ್ಮ ಮನಿಯವರು ಹಿಂದಿನ ಕೋಣ್ಯಾಗ ಗೆಜ್ಜಿ ಬೆಸೀತಾರ. ಅಪ್ಪಗೂ ಹೆಂಡತಿಗೂ ಮಾತು ಹತ್ತಿದ್ರ ಅವರಿಗೆ ಏಕದಂ ಕಿವಿ ಕೇಳೂದು ನಿಂತುಬಿಡತೈತಿ. ಹಂಗಾಗಿ ನನ್ನ ಪರವಾಗಿ ಯಾರೂ ಇರಲಿಲ್ಲ.

ಕಾಡಿಗಿ ರೋಗ

ಚಳಿಗಾಲ ಅಂದ್ರ ನನಗ ಜೋಳದ ತೆನಿ. ಒಂದು ಪದಕ ಮಾಡಿದೆ. ತೆನಿ ಬೆಳ್ಳೀದು, ಒಂದೊಂದು ಕಾಳಿಗೂ ಒಂದೊಂದು ಸಣ್ಣ ಬಿಳಿ ಕಲ್ಲು. ಕಾಳು ಎದ್ದು ಕಾಣಲಿ ಅಂತ ಸಂದ್ಯಾಗ ಬೆಳ್ಳೀನ ಕರಿ ಮಾಡಿದ್ದೆ. ಹಾರೂಗೇರಿಯ ಒಬ್ಬ ಹುಡಿಗಿ ನೋಡಿದ ಕೂಡ್ಲೆ ಒಯ್ದಳು. ಮೂರನೇ ದಿನಕ್ಕ ಆಕಿ ಅಪ್ಪ ಪದಕ ಹಿಡಕೊಂಡು ಅಂಗಡಿಗೆ ಬಂದ್ರು. ನಲವತ್ತು ವರ್ಷ ಜೋಳ ಬೆಳೆದ ಮನಷ್ಯಾ.

"ತಂಗಿ, ಇದು ಯಾವ ತಳಿ?" ಅಂತ ಕೇಳಿದ್ರು.

"ತಳಿ ಅಲ್ರಿ ಕಾಕಾರ, ಪದಕ."

"ಅದು ಕಾಣತೈತಿ. ಮಾಲದಂಡಿಯೋ ಹೈಬ್ರೀಡೋ?"

ನಾ ಪೇಚಿಗೆ ಬಿದ್ದು ಮಾಲದಂಡಿ ಅಂದೆ.

"ಹಂಗಾರ ಕಾಳು ಒತ್ತಾಗಿಲ್ಲ. ಮತ್ತ ಇಲ್ನೋಡು, ಕಾಳಿನ ಬುಡಕೆಲ್ಲಾ ಕಪ್ಪಗ ಆಗೈತಿ. ಈ ತೆನಿಗೆ ಕಾಡಿಗಿ ರೋಗ ಬಡದೈತಿ."

"ಚಂದ ಕಾಣ್ಲಿ ಅಂತ ನಾನ ಕರಿ ಮಾಡೇನ್ರಿ."

ಕಾಕಾ ನನ್ನ ಮುಖ ನೋಡಿ ಮರುಗಿದ್ರು. "ಬೆಳಿ ಕೆಟ್ಟಾಗ ಎಲ್ಲಾ ರೈತರೂ ಏನರೆ ಒಂದು ಹೇಳೂದ ಬಿಡವಾ. ನಾಡಿದ್ದು ಬೀಗರು ಬರ್ತಾರ. ನನ್ನ ಮಗಳು ರೋಗದ ತೆನಿ ಕೊಳ್ಳಾಗ ಹಾಕ್ಕೊಂಡು ನಿಂತ್ರ ಅವರು ನಮ್ಮ ಹೊಲದ ಬಗ್ಗೆ ಏನ ತಿಳ್ಕೋಬೇಕು?"

ಪದಕ ವಾಪಸ್ ಬಂತು, ಬದಲಿಗೆ ಗೆಜ್ಜಿ ಹೋದ್ವು. ಮೆಟ್ಟಲ ಇಳಿದವರು ತಿರುಗಿ ಬಂದು ಹೇಳಿದ್ರು, "ಮುಂದಿನ ಸಲ ಬೀಜಕ್ಕ ಗಂಧಕ ಹಚ್ಚಿ ಬಿತ್ತು. ಈ ರೋಗ ಹತ್ರ ಸುಳಿಯಾಂಗಿಲ್ಲ."

ಬೆಳ್ಳಿ ಕರಿ ಆಗಾಕ ನಾವು ಹಚ್ಚೂದೂ ಗಂಧಕದ ನೀರ. ನಾ ತಡಕೊಳ್ಳಲಾರದ, "ಗಂಧಕ ಹಚ್ಚಿದ್ದಕ್ಕ ಹಿಂಗಾಗೈತ್ರಿ ಕಾಕಾರ" ಅಂದೆ.

ಕಾಕಾ ಒಂದು ಗಳಿಗಿ ವಿಚಾರ ಮಾಡಿ, "ಹಂಗಾರ ಅಂಗಡ್ಯಾಂವ ನಿನಗ ಡುಪ್ಲಿಕೇಟ್ ಕೊಟ್ಟಾನ" ಅಂತ ಹೇಳಿ ಹೋದ್ರು.

ಯಾವ ಗ್ರಹಕ್ಕೂ ಸಿಟ್ಟು ಬರದ ಉಂಗುರ

ವಸಂತಕ್ಕ ಮುತ್ತಲ ಹೂವಿನ ಉಂಗುರ. ಎಸಳು ಬೆಳ್ಳಿಯವು, ನಡುವ ಒಂದು ಕೆಂಪು ಕಲ್ಲು. ನನ್ನ ತವರಿನ ಕಡೆಯಾಕಿ, ನಿಪ್ಪಾಣಿಯ ಹೊಸಾ ಮದುಮಗಳು, ಆಸೆಪಟ್ಟು ಒಯ್ದಳು. ನಾಲ್ಕ ದಿನಕ್ಕ ಬಂದು ಎದುರಿಗೆ ಕುಂತ್ಲು.

"ವೈನಿ, ನಮ್ಮ ತವರಿನ ಜೋತಿಷಿ ಹೇಳಿದ್ರು, ಕೆಂಪು ಅಂದ್ರ ಮಂಗಳ ಅಂತ. ನನ್ನ ಜಾತಕದಾಗ ಮಂಗಳ ಮೊದಲ ಕುಣ್ಯಾಕತ್ತಾನಂತ. ಬಿಳಿ ಕಲ್ಲು ಹಾಕಿ ಕೊಡ್ರಿ."

ಮುತ್ತಲ ಹೂ ಬೆಳ್ಳಗ ಎಲ್ಲಿರತೈತಿ? ಆದ್ರೂ ಹಾಕಿ ಕೊಟ್ಟೆ. ಮುಂದಿನ ವಾರ ಬಂದ್ಲು. ಆಕಿ ಅತ್ತಿಯ ಜೋತಿಷಿ ಬ್ಯಾರೆ, ಬಿಳಿ ಕಲ್ಲು ಘಾತ ಅಂದಿದ್ದ. ಹಳದಿ ಕೂರಸಿದೆ. ಹಳದಿ ಹಾಕ್ಕೊಂಡ್ರ ಗುರುಬಲ ಜಾಸ್ತಿ ಆಗಿ ಗಂಡ ಸನ್ಯಾಸಿ ಆಗ್ತಾನ ಅಂತ ಮೂರನೇದಾಂವ ಹೇಳಿದ. ಹಸರ ಹಾಕಿದ್ರ ಅತ್ತಿ-ಸೊಸಿಗೆ ಜಗಳ ಹತ್ತತೈತಂತ. ಅದು ಯಾವ ಕಲ್ಲಿಗರೆ ತಪ್ಪೇತೇನು ಅಂತ ಕೇಳಬೇಕಂತಿದ್ದೆ, ಬಾಯಿ ಮುಚಗೊಂಡೆ.

ಕಡೀಕ ಹುಡಿಗಿ ಕೇಳಿದ್ಲು, "ಯಾವ ಗ್ರಹಕ್ಕೂ ಸಿಟ್ಟು ಬರದಂಥಾ ಕಲ್ಲು ಇಲ್ಲೇನ್ರಿ?"

ಗಾದಿ ಮ್ಯಾಲೆ ಕುಂತ ಮಾವಾರು ಇದನ್ನ ಕಾಯಾಕತ್ತಿದ್ರು. "ಕಲ್ಲ ತಗದ ಹಾಕ್ಕೋವಾ" ಅಂದ್ರು.

ಆಕಿ ಖುಷಿಲೆ ನಡುವ ತೂತಿದ್ದ ಹೂ ಹಾಕ್ಕೊಂಡು ಹೋದ್ಲು. ಕಲ್ಲಿಲ್ಲದಿದ್ರೇನಾತು, ಒಂದು ಒಡವಿ ಉಳೀತು ಅಂತ ನಾ ಅಂದ್ಕೊಂಡೆ. ಎಂಟು ದಿನಕ್ಕ ಉಂಗುರ ಬಿಚ್ಚಿ ಮುಂದಿಟ್ಲು. ದಿನಾ ರೊಟ್ಟಿ ಬಡದು, ಆ ತೂತಿನ್ಯಾಗ ಹಿಟ್ಟು ತುಂಬಿ ಒಣಗಿ ಗಟ್ಟಿಯಾಗಿ ಕುಂತಿತ್ತು.

"ನಮ್ಮ ಅತ್ತಿ ಜೋತಿಷಿ ನೋಡಿ ಬೈದ್ರು ವೈನಿ. ಬ್ಯಾಡಂತ ಹೇಳಿದ್ರೂ ಬಿಳಿ ಕಲ್ಲ ಹಾಕ್ಕೊಂಡೀಯಲ್ಲ ಅಂತ."

ಕಾಯಿ, ಹಣ್ಣು

ಬ್ಯಾಸಗಿಗೆ ಮಾವಿನ ಬೆಂಡ್ವಾಲಿ. ಎಡಗಿವಿಗೆ ಹಸರ ಕಲ್ಲಿನ ಮಾವಿನಕಾಯಿ, ಬಲಗಿವಿಗೆ ಹಳದಿ ಕಲ್ಲಿನ ಹಣ್ಣು. ಜೋಡಿ ಒಂದ ನಮೂನಿ ಇರಬಾರದು ಅಂತ ಬೇಕಂತಲೇ ಮಾಡಿದ್ದೆ. ರಾಯಬಾಗದ ಒಬ್ಬ ಟೀಚರು ಬಾಳ ಮೆಚ್ಚಿ ಒಯ್ದರು. ಸೂಟಿ ಮುಗಿದು ಸಾಲಿ ಚಾಲೂ ಆದ ವಾರಕ್ಕ ತಂದಿಟ್ರು.

"ಏನ ಹೇಳ್ಲಿ ಅಕ್ಕಾರ. ಒಂದು ಬಾಜೂಕ ಕುಂತ ಹುಡುಗೂರಿಗೆ ಕಾಯಿ ಕಾಣತೈತಿ, ಇನ್ನೊಂದು ಬಾಜೂಕಿನವರಿಗೆ ಹಣ್ಣು. ಇವರು ಹಸರ ಅಂತಾರ, ಅವರು ಹಳದಿ ಅಂತಾರ. ನಾ ಬೋರ್ಡಿನ ಕಡೆ ಹೊಳ್ಳಿದ್ರ ಸಾಕು, ಹೊಡದಾಟ."

"ಒಂದ ಬಣ್ಣ ಮಾಡಿ ಕೊಡ್ಲೇನ್ರಿ?"

"ಬ್ಯಾಡ್ರಿ, ಅವಸರಲೆ ಮಾಗಿಸಿದ್ರ ರುಚಿ ಇರಂಗಿಲ್ಲ" ಅಂತ ನಕ್ಕರು. "ಎಡಗಡೀದು ತಾನಾಗೇ ಹಣ್ಣಾದ ಮ್ಯಾಲ ಫೋನ್ ಮಾಡ್ರಿ."

ಮೂರೂ ಮುಗದ್ವು.

ಮಳಿಗಾಲದ ಸರ

ಉಳಿದದ್ದು ಒಂದ, ಮಳಿಗಾಲದ ಸರ. ಅದರ ಮ್ಯಾಲೆ ನನ್ನ ಜೀವ ಇತ್ತು. ಒಂದು ತಿಂಗಳು ಕುಂತು ಮಾಡಿದ್ದೆ. ಬೆಳ್ಳಿ ತಂತಿ ಕೂದಲದಷ್ಟು ಸಣ್ಣಗ ಜಗ್ಗಿ, ತುದಿ ಕರಗಿಸಿ ಹನಿ ಮಾಡಿ, ಆ ಹನಿ ಸಾಲಾಗಿ ಇಳಿಬಿಟ್ಟು, ನಡುವ ಮೋಡದ ಬಣ್ಣದ ಒಂದು ಕಲ್ಲು ಕೂರಸಿದ್ದೆ. ಸುಮ್ಮನ ನೋಡಿದ್ರ ಬೂದಿ ಬಣ್ಣ. ಸ್ವಲ್ಪ ಹೊಳ್ಳಿಸಿದ್ರ ಒಳಗ ನೀಲಿ ಮಿಂಚು ಹೊಡೀತೈತಿ. ಬುಡಕ ಚೀಟಿ ಬರದಿಟ್ಟೆ, 'ಮಳಿಗಾಲದ ಸರ' ಅಂತ. ಬರೀಬಾರದಿತ್ತು.

ಮಿರಗದ ಮಳಿ ಹತ್ತೂ ಮುಂಚೆ ಅಂಕಲಿಯ ಒಬ್ಬ ಅಕ್ಕಾರು ಒಯ್ದರು. ಮೊದಲನೇ ಸಲ ಹಾಕ್ಕೊಂಡು ಕರೋಶಿಗೆ ಲಗ್ನಕ್ಕ ಹೋದ್ರು. ಮಳಿ ಬಂದು ಹಂದರ ತೊಯ್ತು. ಎರಡನೇ ಸಲ ಬೀಗರ ಮನಿ ಕುಬಸಕ್ಕ ಹಾಕ್ಕೊಂಡ್ರು. ಮಳಿ ಬಂದು ಊಟದ ಪಂಕ್ತಿ ಎದ್ದೋಡಿತು. ಮೂರನೇ ಸಲ ಕನ್ನಡಿ ಮುಂದ ಸುಮ್ಮನ ಹಾಕಿ ನೋಡಿದ್ರು. ಓಣ್ಯಾಗ ಒಣಾ ಹಾಕಿದ ಅರಿವಿ ಎಲ್ಲಾ ತೊಯ್ದ್ವು. ಮಳಿಗಾಲದಾಗ ಮಳಿ ಬಂದೈತಿ ಅಂತ ಒಬ್ಬರಿಗೂ ಹೊಳೀಲಿಲ್ಲ.

ಅಷ್ಟರಾಗ ಮ್ಯಾಲಿನ ಕಡೆ ಮಳಿ ಹತ್ತಿ ಕೃಷ್ಣಾ ಹೊಳಿ ಏರಾಕ ಚಾಲೂ ಆತು. ಊರ ಹಿರಿಯರು ನಾಲ್ಕ ಮಂದಿ ಅಕ್ಕಾರ ಮನಿಗೆ ಬಂದ್ರು.

"ತಂಗಿ, ಆ ಸರ ತಗದಿಡು."

"ಟ್ರಂಕಿನ್ಯಾಗ ಐತ್ರಿ ಅಣ್ಣಾರ."

"ನಮ್ಮೂರ ಟ್ರಂಕಿನ್ಯಾಗ ಯಾಕಿರಬೇಕು? ಇನ್ನೊಂದು ಊರಿನ ಟ್ರಂಕಿನ್ಯಾಗ ಇರ್ಲಿ."

ಅಕ್ಕಾರು ಮರುದಿನ ಮೊದಲನೇ ಬಸ್ಸಿಗೆ ಚಿಕ್ಕೋಡಿಗೆ ಬಂದು ಸರ ನನ್ನ ಕೈಯಾಗಿಟ್ರು. ಪಾಪ, ಅವರ ಕಣ್ಣಾಗ ನೀರಿತ್ತು. "ನನಗ ಬಾಳ ಸೇರಿತ್ತು. ಏನ ಮಾಡ್ಲಿ? ನೆರಿಮನಿಯಾಕಿ ಅರಿವಿ ಒಗಿಯೂ ಮುಂಚೆ ಬಾಗಲಾಗ ನಿಂತು ಕೇಳ್ತಾಳ, ಇವತ್ತ ಹಾಕ್ಕೊಳ್ಳಾಂಗಿಲ್ಲ ಹೌದಲ್ರಿ ಅಂತ."

ಆಮ್ಯಾಲ ಎರಡು ದಿನಕ್ಕ ಹೊಳಿ ಇಳೀತು. ಮ್ಯಾಲ ಮಳಿ ನಿಂತಿತ್ತು, ಇಳೀತು. ಆದ್ರ ಅಂಕಲಿಗೆ ಸಾಕ್ಷಿ ಸಿಕ್ಕಂಗಾತು.

ನನ್ನ ಕತಿ ಮುಗೀತು. ನಾಲ್ಕಕ್ಕ ನಾಲ್ಕೂ ವಾಪಸ್. ಗಣಪತಿ ಹಬ್ಬಕ್ಕ ಒಂದ ದಿನ ಉಳಿದಿತ್ತು. ಮಾವಾರು ಬೈದಿದ್ರ ಚಲೋ ಇತ್ತು. ಒಂದು ತಾಟಿನ್ಯಾಗ ಉಡದಾರ ಜೋಡಸಿ ನನ್ನ ಫಳಿ ಬಾಜೂಕ ತಂದಿಟ್ರು. ಅದನ್ನ ನೋಡಿ, ಇನ್ನ ಜನ್ಮ ಪೂರ್ತಿ ಮಂದಿ ಸೊಂಟದ ಅಳತಿ ತಗೋಳೂದ ನನ್ನ ಹಣೇಬರಾ ಅಂತ ಕುಂತೆ.

ಅದ ದಿನ ಅಥಣಿ ತಾಲೂಕಿನ ಮೂಡಣ ಕಡೆಯಿಂದ ಇಬ್ಬರು ರೈತರು ಬಂದ್ರು. ಬಿತ್ತಿದ ಮ್ಯಾಲ ಅಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಸುದ್ದಿ ಅಲ್ಲೀತನಕ ಹೋಗಿತ್ತು.

"ಅಕ್ಕಾರ, ಮಳಿ ತರೂ ಸರ ನಿಮ್ಮಲ್ಲೇ ಐತೇನ್ರಿ?"

"ಮಳಿ ತರೂದಲ್ರಿ, ಕೊಳ್ಳಾಗ ಹಾಕ್ಕೊಳ್ಳೂದು" ಅಂದೆ.

"ಹೌದ್ರಿ. ಹಾಕ್ಕೊಳ್ಳಾಕ ನಮ್ಮ ಅವ್ವ ತಯಾರ ಅದಾಳ. ಕಂಠಮಟ ಮಳಿ ಆಗೂ ತನಕ ತಗಿಯಾಂಗಿಲ್ಲ ಅಂದಾಳ."

ಅವರ ಮಾತು ಮುಗದಿರಲಿಲ್ಲ, ಅಂಕಲಿಯ ನಾಲ್ಕ ಹಿರಿಯರು ಮೆಟ್ಟಲ ಹತ್ತಿದ್ರು. ಅಥಣಿಯವರು ಚಿಕ್ಕೋಡಿಗೆ ಹೊಂಟಾರ ಅಂತ ಅವರಿಗೆ ಬಸ್ಸಿನ್ಯಾಗಿಂದ ಯಾರೋ ಫೋನ್ ಮಾಡಿದ್ರಂತ.

"ಅದನ್ನ ಇವರಿಗೆ ಕೊಡಬ್ಯಾಡ್ರಿ" ಅಂದ ಅಂಕಲಿಯವರಾಗ ಹಿರಿಯಾಂವ.

ಅಥಣಿಯವರಾಗ ಒಬ್ಬಗ ಸಿಟ್ಟು ಬಂತು. "ನಿಮಗ ಬ್ಯಾಡಾದ ಮಳಿ ನಾವು ಒಯ್ದ್ರ ನಿಮಗೇನ ತ್ರಾಸ ಮಾರಾಯಾ?"

"ನಿಮಗ ಅದನ್ನ ನಡಸಾಕ ಬರತೈತೇನು? ನಿಮ್ಮ ಅವ್ವ ಹಾಕ್ಕೊಂಡು ಹಂಗ ಮಲಗಿಬಿಟ್ರ? ಮಳಿಗೇನ ತಾಲೂಕಿನ ಗಡಿ ಗೊತ್ತೈತೇನು? ನಿಮ್ಮ ಹೊಲ ತೊಯ್ದು, ನಮ್ಮ ಮನಿಗೆ ನೀರ ಹೊಗತೈತಿ."

ನಾ ನಡುವ ಬಾಯಿ ಹಾಕಿದೆ. "ಇದು ಬರೇ ಕಲ್ಲರಿ. ನಾನ ನನ್ನ ಕೈಯಾರೆ ಕೂರಸೇನಿ. ಇದರಿಂದ ಮಳಿ ಬರಂಗಿಲ್ಲ."

ಆರೂ ಮಂದಿ ನನ್ನ ಕಡೆ ಹೊಳ್ಳಿದ್ರು. ಇಷ್ಟೊತ್ತನಕ ಒಬ್ಬರ ಮಾತು ಒಬ್ಬರಿಗೆ ಆಗದವರು ಈಗ ಒಂದಾದ್ರು. "ಚೀಟಿ ಮ್ಯಾಲೆ ನೀವ ಬರದೀರಲ್ರಿ" ಅಂದ್ರು.

ಅಂಕಲಿಯ ಹಿರಿಯಾಂವ ಕಿಸೆದಾಗಿಂದ ಅರಿವಿ ಗಂಟು ತಗದು ಮುಂದಿಟ್ಟ. ಗಣಪತಿ ಸಲುವಾಗಿ ಓಣಿ ಓಣಿ ತಿರುಗಿ ಎತ್ತಿದ ವರಗಣಿ ಅದು. "ಈ ವರ್ಷ ಗಣಪತಿಗೆ ಲೈಟಿನ ಸರ ಇಲ್ಲ. ಆ ರೊಕ್ಕಕ್ಕ ಇದನ್ನ ಒಯ್ತೀವಿ."

"ಒಯ್ದು ಯಾರ ಹಾಕ್ಕೋತೀರಿ?" ಅಂತ ನಾ ಆಸೆಲೆ ಕೇಳಿದೆ.

"ಯಾರೂ ಹಾಕ್ಕೊಳ್ಳಾಂಗಿಲ್ಲ. ಒಣಾ ಅರಿವ್ಯಾಗ ಸುತ್ತಿ, ಅಕ್ಕಿ ಡಬ್ಬಿಯಾಗ ಹುಗದು, ಗುಡಿ ತಿಜೋರ್ಯಾಗ ಇಟ್ಟು ಕೀಲಿ ಹಾಕ್ತೀವಿ. ಇನ್ನ ಅದು ಹೊರಗ ಬರಂಗಿಲ್ಲ, ನೀವು ಬೇಫಿಕೀರ ಇರ್ರಿ."

ಒಂದು ತಿಂಗಳು ಕಣ್ಣು ಸಣ್ಣಗ ಮಾಡಿಕೊಂಡು ಮಾಡಿದ ಸರ, ಯಾರ ಕೊಳ್ಳಿಗೂ ಏರಬಾರದು ಅಂತ ಮಾರಿ ಹೋಗಾಕತ್ತಿತ್ತು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಆದ್ರ ಮಾತು ಮಾತ. ಮಾರಿ ಹೋಗಿ, ವಾಪಸ್ ಬರದಂಗ ಉಳೀಬೇಕು ಅಂದಿದ್ರು ಮಾವಾರು. ನಾ ಅವರ ಮುಖ ನೋಡಿದೆ.

ಮಾವಾರು ಗಾದಿಯಿಂದ ಎದ್ದು ಬಂದು ಸರ ತಗೊಂಡ್ರು. ಕೈ ರೂಢಿಲೆ ಚಿಮಟಾದ ಕಡೆ ಹೋತು. ಕಲ್ಲಿಗೆ ಚಿಮಟಾ ತಾಗೂದ ತಡ, ಅಂಕಲಿಯ ನಾಲ್ವರೂ ಹಿಂದ ಸರಿದ್ರು.

"ಕಲ್ಲಿಗೆ ಕೈ ಹಚ್ಚಬ್ಯಾಡ್ರಿ" ಅಂದ ಹಿರಿಯಾಂವ. "ಇರೂದೆಲ್ಲಾ ಅದರಾಗ ಐತಿ. ಬೇಕಾದ್ರ ಬೆಳ್ಳಿ ತಗದ ತೂಗ್ರಿ."

ಅಂಥಾ ಮಾತು ಮಾವಾರು ತಮ್ಮ ಜನ್ಮದಾಗ ಕೇಳಿರಲಿಲ್ಲ. ಚಿಮಟಾ ಕೆಳಗಿಟ್ರು. ಸರ ಕಲ್ಲ ಸಮೇತ ತಕ್ಕಡಿಗೆ ಹಾಕಿದ್ರು, ಹಿಂದಿನ ಕೋಣ್ಯಾಗ ಗೆಜ್ಜಿ ಬೆಸಿಯೂ ಸದ್ದು ನಿಂತಿತು. ಕಿವಿ ಕೇಳದ ನಮ್ಮ ಮನಿಯವರು ಬಾಗಲಾಗ ಬಂದು ನಿಂತಿದ್ರು.

ಅಂಕಲಿಯವರು ಸರ ಅರಿವ್ಯಾಗ ಸುತಗೊಂಡು ಹೋದ್ರು. ಮಾವಾರು ಉಡದಾರದ ತಾಟು ಎತ್ತಿ ತಮ್ಮ ಜಾಗಾಕ್ಕ ಒಯ್ದಿಟ್ರು. ಫಳಿ ನನಗ ಉಳೀತು. ಅಥಣಿಯವರಿಬ್ಬರು ಮಾತ್ರ ಮುಖ ಸಣ್ಣಗ ಮಾಡಿಕೊಂಡು ಅಲ್ಲೇ ನಿಂತಿದ್ರು. "ಅಕ್ಕಾರ, ಅಂಥಾದ ಇನ್ನೊಂದು ನಮಗ ಮಾಡಿ ಕೊಡ್ತೀರೇನು?"

ಒಂದು ಕಾಲಕ್ಕ ಒಂದ ಒಡವಿ ಅಂತ ಹೇಳಾಕ ನಾ ಬಾಯಿ ತೆರದೆ. ಅಷ್ಟರಾಗ ಮಾವಾರು ಹೇಳಿದ್ರು, "ಮಾಡ್ತಾಳ್ರಿ, ಯಾಕ ಮಾಡಾಂಗಿಲ್ಲ. ಹಬ್ಬ ಮುಗಿಸಿ ಬರ್ರಿ."

ಅವರು ಮೆಟ್ಟಲ ಇಳಿದು ಹೋದ್ರು. ಆಮ್ಯಾಲ ಮಾವಾರು ನನ್ನ ಹತ್ರ ಬಂದು ಸಣ್ಣ ದನಿಲೆ ಹೇಳಿದ್ರು, "ಈ ಸಲ ಕಲ್ಲ ಸ್ವಲ್ಪ ದೊಡ್ಡದು ಹಾಕವಾ. ಮತ್ತ ಅದು ತಯಾರಾದ ದಿನ, ಮೊದಲ ಅಂಕಲಿಗೆ ಒಂದು ಫೋನ್ ಮಾಡು."