ಬಿಳಿಗಟ್ಟೆಯವರು ಮೊಕದ್ದಮೆ ಗೆದ್ದದ್ದು

ಭೂಪಟ ಹರಡಿಕೊಂಡು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಬಹಳ ಹಿಂದೆ, ಅಂದರೆ ಮಂತ್ರಿಗಳಿಗೆಲ್ಲ ಭಾವಮೈದುನರು ಇರುತ್ತಿದ್ದ ಕಾಲದಲ್ಲಿ, ಅಮೋಘಪುರಿ ಎಂಬ ರಾಜ್ಯವಿತ್ತು. ಅದನ್ನು ಜಯಘೋಷ ಮಹಾರಾಜರು ಆಳುತ್ತಿದ್ದರು. ಆಳುವುದೆಂದರೆ ಬೆಳಗ್ಗೆ ಒಂದು ಶಂಕುಸ್ಥಾಪನೆ, ಮಧ್ಯಾಹ್ನ ಒಂದು ಉದ್ಘಾಟನೆ, ಸಂಜೆ ಒಂದು ಅಭಿನಂದನಾ ಸಮಾರಂಭ. ನಡುವೆ ಬಿಡುವು ಸಿಕ್ಕರೆ ರಾಜ್ಯಭಾರ.

ಈ ರಾಜ್ಯದ ಪರಿಸರ ಮಂಡಳಿಯಲ್ಲಿ ಕಾತ್ಯಾಯಿನಿ ಎಂಬ ತರುಣಿ ನಿಯಮ ಬರೆಯುವ ಕೆಲಸಕ್ಕೆ ಸೇರಿದಳು. ಹೊಸ ಹುರುಪು ನೋಡಿ, 'ಕಾರ್ಖಾನೆಗಳನ್ನು ಯಾವಾಗ ಬೇಕಾದರೂ ತಪಾಸಣೆ ಮಾಡತಕ್ಕದ್ದು' ಎಂದು ಬರೆದುಕೊಟ್ಟಳು. ಮೇಲಧಿಕಾರಿಗಳು ಓದಿ ನೊಂದುಕೊಂಡರು. "ಏನಮ್ಮಾ ಇದು, ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ನುಗ್ಗೋದು ನಮ್ಮ ಸಂಸ್ಕೃತಿಯೇನು?" ಎಂದು 'ಒಂದು ದಿನ ಮುಂಚೆ ನೋಟಿಸು ಕೊಟ್ಟು' ಎಂಬ ಐದು ಪದ ಸೇರಿಸಿದರು. ಆಮೇಲೆ 'ಕಾರ್ಖಾನೆಗಳನ್ನು' ಎಂಬ ಪದಕ್ಕೆ ಮೊದಲು 'ನಡೆಯುತ್ತಿರುವ' ಎಂಬುದನ್ನೂ ಜೋಡಿಸಿದರು. ಮುಚ್ಚಿದ ಕಾರ್ಖಾನೆಯಲ್ಲಿ ನೋಡುವುದಕ್ಕೆ ಏನಿರುತ್ತದೆ ಎಂಬುದು ಅವರ ವಾದ. ಕಾತ್ಯಾಯಿನಿ ಮಾರನೆಯ ದಿನವೇ ರಾಜೀನಾಮೆ ಒಗೆದು, ಕರಿಕೋಟು ತೊಟ್ಟು, ಪರಿಸರದ ಕೇಸು ಮಾತ್ರ ಹಿಡಿಯುತ್ತೇನೆಂದು ಕಚೇರಿ ತೆರೆದಳು. ಆರು ತಿಂಗಳು ಆ ಕಚೇರಿಗೆ ಜೇಡವೊಂದನ್ನು ಬಿಟ್ಟು ಬೇರೆ ಯಾರೂ ಬರಲಿಲ್ಲ.

ಕೊನೆಗೆ ಬಂದವಳು ಬಿಳಿಗಟ್ಟೆಯ ಮಡಿವಾಳಿತಿ ಮಾಚವ್ವ. ಬಿಳಿಗಟ್ಟೆಯ ಅರವತ್ತು ಮನೆಯವರೂ ಸುಳಿಹಳ್ಳದ ನೀರಿನಲ್ಲಿ ರಾಜಧಾನಿಯ ಬಟ್ಟೆ ಒಗೆದು ಬದುಕುವವರು. ಹಳ್ಳದ ಮೇಲ್ಭಾಗದಲ್ಲಿ ಮಹಾಮಂತ್ರಿ ಸಮ್ಮತಯ್ಯನವರ ಭಾವಮೈದುನ ಬಣ್ಣದ ಕಾರ್ಖಾನೆ ಹಾಕಿದ್ದ.

"ಲಾಯರಮ್ಮೋರೆ, ಬಿಳೀ ಪಂಚೆ ಅದ್ದುದ್ರೆ ಕೆಂಪು ಪಂಚೆ ಎದ್ದು ಬತ್ತದೆ," ಎಂದಳು ಮಾಚವ್ವ. "ಮೊನ್ನೆ ಮದ್ವೆ ಗಂಡಿನ ಪಂಚೆ ಹಂಗೇ ಆಯ್ತು. ಅವರಪ್ಪ ಬಂದು ನಾವು ಬಟ್ಟೆ ನೆನೆಹಾಕೋ ಬಾನಿನೆಲ್ಲ ಒಡೆದಾಕ್ಬುಟ್ಟ. ಈಗ ಯಾರೂ ಬಟ್ಟೆ ಕೊಡಕಿಲ್ಲ ಅಂತಾರೆ. ಹಳ್ಳ ಹೋದ್ರೆ ನಾವು ತಿನ್ನಾದೇನು?"

ಕಾತ್ಯಾಯಿನಿ ದಾವೆ ಹೂಡಿದಳು. ನ್ಯಾಯಮೂರ್ತಿ ಸಾವಧಾನ ಶಾಸ್ತ್ರಿಗಳು ತಪಾಸಣೆಗೆ ಆಜ್ಞೆ ಮಾಡಿದರು. ನಿಯಮದಂತೆ ಕಾರ್ಖಾನೆಗೆ ಒಂದು ದಿನ ಮುಂಚೆ ನೋಟಿಸು ಹೋಯಿತು. ಕಾರ್ಖಾನೆ ಅಂದು ಬಾಗಿಲು ಹಾಕಿಕೊಂಡಿತು. ಮರುದಿನ ಮಂಡಳಿಯ ತಪಾಸಕರು ಗಾಜಿನ ಬಾಟಲಿ ಹಿಡಿದು ಬಂದು ನೋಡಿದರೆ ನೀರು ತಿಳಿಯಾಗಿತ್ತು. 'ಸ್ಫಟಿಕಸದೃಶ' ಎಂದು ವರದಿ ಬರೆದು, ಎಳನೀರು ಕುಡಿದು ಹೋದರು.

ಕಾತ್ಯಾಯಿನಿ ಹಳ್ಳದ ದಂಡೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಕೇಸು ಅಲ್ಲಿಗೇ ಮಲಗಿತೆಂದು ಅವಳಿಗೆ ಅಳುವೇ ಬಂತು. ಆದರೆ ಮಾಚವ್ವ ಸೀರೆ ಎತ್ತಿಕಟ್ಟಿ, ಮೂರು ದಿನದ ಮೈಲಿಗೆ ಬಟ್ಟೆಯನ್ನೆಲ್ಲ ಬಂಡೆಗೆ ಬಡಿಯುತ್ತ ನಗುತ್ತಿದ್ದಳು.

"ಯಾಕಮ್ಮೋರೆ ಅಳ್ತೀರಾ? ನೀರು ನೋಡಿ, ಹೆಂಗದೆ! ನಾಳೀಕೂ ಆ ಬಾಟ್ಲಿಯವ್ರನ್ನ ಕರಸ್ರಲ್ಲ!"

ಎಲಾ ಇವಳ! ಐದು ವರ್ಷ ಕಾನೂನು ಓದಿದವಳಿಗೆ ಹೊಳೆಯದ್ದು ಬಟ್ಟೆ ಒಗೆಯುವವಳಿಗೆ ಹೊಳೆದಿತ್ತು. ಕಾತ್ಯಾಯಿನಿ ಅಂದೇ ಇನ್ನೊಂದು ಅರ್ಜಿ ಹಾಕಿದಳು: ತಪಾಸಕರು ಪೂರ್ವದ ದಂಡೆ ನೋಡಿಲ್ಲ. ಮರುದಿನ ಮತ್ತೊಂದು: ಬಾಟಲಿಯ ಮುಚ್ಚಳ ಸಡಿಲವಿತ್ತು. ಅದರ ಮರುದಿನ: ತಪಾಸಕರಿಗೆ ನೆಗಡಿಯಿದ್ದುದರಿಂದ ವಾಸನೆ ತಿಳಿದಿರಲಿಕ್ಕಿಲ್ಲ. ಸಾವಧಾನ ಶಾಸ್ತ್ರಿಗಳಿಗೆ ವಾಯಿದೆ ಎಂದರೆ ಹೋಳಿಗೆಯಷ್ಟು ಇಷ್ಟ. ಪ್ರತಿ ಅರ್ಜಿಯನ್ನೂ ಪುರಸ್ಕರಿಸಿದರು. ದಿನಾ ನೋಟಿಸು, ದಿನಾ ಬಾಗಿಲು ಬಂದ್, ದಿನಾ ತಿಳಿನೀರು. ಹನ್ನೊಂದು ತಿಂಗಳು ಬಿಳಿಗಟ್ಟೆಯ ಹಗ್ಗಗಳ ಮೇಲೆ ಮಲ್ಲಿಗೆಯಂಥ ಪಂಚೆಗಳು ಹಾರಾಡಿದವು. ವಕೀಲರ ಸಂಘದವರು ಮಾತ್ರ, ಒಂದೇ ಕೇಸಿಗೆ ನೇತುಬಿದ್ದು ಈ ಹೆಂಗಸು ತನ್ನ ವೃತ್ತಿಯನ್ನೇ ಹಾಳುಮಾಡಿಕೊಂಡಳೆಂದು ಮರುಗಿದರು.

ಅತ್ತ ಭಾವಮೈದುನ ಅಕ್ಕನ ಬಳಿ ಅತ್ತ. ಅಕ್ಕ ಗಂಡನ ಬಳಿ ಅತ್ತಳು. ಸಮ್ಮತಯ್ಯನವರು ಮಹಾರಾಜರ ಬಳಿ ಓಡಿದರು.

"ಪ್ರಭೂ, ತಮ್ಮ ಆಳ್ವಿಕೆಯಲ್ಲಿ ಬಡ ಮಡಿವಾಳರಿಗೆ ಹನ್ನೊಂದು ತಿಂಗಳಿಂದ ನ್ಯಾಯ ಸಿಕ್ಕಿಲ್ಲ! ನನ್ನ ಕರುಳು ಕಿತ್ತು ಬರುತ್ತಿದೆ."

"ಛೆ ಛೆ! ನಮ್ಮ ಕರುಳೂ ಬರುತ್ತಿದೆ. ಏನು ಮಾಡೋಣ?"

"ತ್ವರಿತ ನ್ಯಾಯ ಸಪ್ತಾಹ ಘೋಷಿಸಬೇಕು. ಏಳು ದಿನಗಳಲ್ಲಿ ಎಲ್ಲ ಮೊಕದ್ದಮೆಗಳೂ ಇತ್ಯರ್ಥ. ತೀರ್ಪೆಲ್ಲ ಪ್ರಜೆಗಳ ಪರ."

ಮಹಾರಾಜರು ಕಣ್ಣರಳಿಸಿದರು. "ಅಂದರೆ ನಿಮ್ಮ ಭಾವಮೈದುನನ ಕಾರ್ಖಾನೆ ಮುಚ್ಚಬೇಕಾಗುತ್ತಲ್ಲ, ಸಮ್ಮತಯ್ಯ?"

"ಮುಚ್ಚಿದೆ ಎಂದು ಬರೆಯಬೇಕಾಗುತ್ತದೆ, ಪ್ರಭೂ. ತಮಗೋಸ್ಕರ ಅಷ್ಟು ತ್ಯಾಗ ಮಾಡದಿದ್ದರೆ ನಾವೆಂಥ ಸೇವಕರು!"

"ಆಹಾ, ನೀವು ಸಾಮಾನ್ಯರಲ್ಲ," ಎಂದರು ಮಹಾರಾಜರು. "ತಾವಿರುವಾಗ ನಾನು ಸಾಮಾನ್ಯನೇ, ಪ್ರಭೂ," ಎಂದರು ಸಮ್ಮತಯ್ಯ.

ಸಪ್ತಾಹದ ಮೊದಲ ದಿನ ಬಿಳಿಗಟ್ಟೆಯ ಕೇಸನ್ನೇ ಕರೆದರು. ವಾದ ಕೇಳುವ ಮೊದಲೇ ಸಾವಧಾನ ಶಾಸ್ತ್ರಿಗಳು ಮಡಿಸಿದ ಕಾಗದವೊಂದನ್ನು ಬಿಡಿಸಿದರು. ಕಾತ್ಯಾಯಿನಿ ಗಡಬಡಿಸಿ ಎದ್ದಳು.

"ಮಹಾಸ್ವಾಮಿ, ದಯವಿಟ್ಟು ವಾಯಿದೆ ಕೊಡಿ. ನಮ್ಮ ಸಾಕ್ಷಿ ತುಂಬಾ ದುರ್ಬಲವಾಗಿದೆ."

"ಪರವಾಗಿಲ್ಲ, ಗೆದ್ದಿದ್ದೀರಿ."

"ಮುನ್ನೂರು ವರದಿಗಳೂ ನಮ್ಮ ವಿರುದ್ಧವೇ ಇವೆ, ಮಹಾಸ್ವಾಮಿ!"

"ಆದರೂ ಗೆದ್ದಿದ್ದೀರಿ. ಕೂತುಕೊಳ್ಳಿ ತಾಯೀ, ನ್ಯಾಯಕ್ಕೆ ಅಡ್ಡಿ ಮಾಡಬೇಡಿ."

ಕಾರ್ಖಾನೆ ಮುಚ್ಚತಕ್ಕದ್ದು ಎಂದು ತೀರ್ಪಾಯಿತು. ಕಡತದಲ್ಲಿ ಅದು ಮುಚ್ಚಿತು. ಮುಚ್ಚಿದ ಕಾರ್ಖಾನೆಗೆ ತಪಾಸಣೆಯಿಲ್ಲ, ತಪಾಸಣೆಯಿಲ್ಲದ ಮೇಲೆ ನೋಟಿಸಿಲ್ಲ, ನೋಟಿಸಿಲ್ಲದ ಮೇಲೆ ಒಂದು ದಿನವೂ ಬಾಗಿಲು ಹಾಕಬೇಕಾಗಿಲ್ಲ. ಭಾವಮೈದುನ ಹನ್ನೊಂದು ತಿಂಗಳ ಬಾಕಿಯನ್ನೆಲ್ಲ ಮೂರೇ ದಿನದಲ್ಲಿ ಹಳ್ಳಕ್ಕೆ ಬಿಟ್ಟ. ಕಾತ್ಯಾಯಿನಿ ಮತ್ತೆ ನ್ಯಾಯಾಲಯಕ್ಕೆ ಓಡಿದಳು. ಗೆದ್ದವರು ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವುದು ದುರಾಸೆ ಎಂದು ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. ಬರೆಯುವ ನನಗೇ ಹೊಟ್ಟೆ ಉರಿಯುತ್ತದೆ, ಅವಳಿಗೆ ಹೇಗಾಗಿರಬೇಡ!

ಆ ಪೌರ್ಣಿಮೆಯಂದು ಮಹಾರಾಜರಿಗೆ 'ಜಲಧರ್ಮರಕ್ಷಕ' ಎಂಬ ಬಿರುದು ಕೊಟ್ಟು ಬೆಳ್ಳಿಯ ಕಿರೀಟ ತೊಡಿಸುವ ಸಮಾರಂಭ ಏರ್ಪಾಟಾಯಿತು. ರಾಜಬೀದಿಗೆ ಸಾವಿರ ಶ್ವೇತಪತಾಕೆಗಳು ಬೇಕಾದವು. ಅವುಗಳನ್ನು ಒಗೆಯುವ ಗೌರವ, ವಿಜೇತರಾದ ಬಿಳಿಗಟ್ಟೆಯವರಿಗೇ ದೊರೆಯಿತು. ಬೇಡವೆಂದು ಎಷ್ಟು ಬೇಡಿಕೊಂಡರೂ ಸಿಪಾಯಿಗಳು ಗಂಟು ಇಳಿಸಿಯೇ ಹೋದರು. ಸಾವಿರ ಪತಾಕೆಗಳೂ ರಕ್ತಗೆಂಪಾಗಿ ಹಿಂದಿರುಗಿದವು. "ಕ್ರಾಂತಿಯೇ?" ಎಂದು ಕಿರೀಟದ ಕೆಳಗೆ ಮಹಾರಾಜರು ನಡುಗಿದರಂತೆ.

ಮಂಡಳಿ ತನಿಖೆ ಮಾಡಿತು. ಕಾರ್ಖಾನೆ ಮುಚ್ಚಿದೆ, ಅದಕ್ಕೆ ನ್ಯಾಯಾಲಯದ ತೀರ್ಪೇ ಸಾಕ್ಷಿ. ಆದರೂ ಹಳ್ಳದಲ್ಲಿ ಬಣ್ಣವಿದೆ. ಹಳ್ಳದಲ್ಲಿ ಬಟ್ಟೆ ಅದ್ದುವವರು ಯಾರು? ಬಿಳಿಗಟ್ಟೆಯವರು. ಆದ್ದರಿಂದ ಬಣ್ಣ ಬಿಡುತ್ತಿರುವವರೂ ಅವರೇ. ಸಂಜೆಯೊಳಗೆ ಅರವತ್ತು ಒಗೆಯುವ ಬಂಡೆಗಳಿಗೂ ಅರಗಿನ ಮೊಹರು ಬಿತ್ತು. ಜಲಮಾಲಿನ್ಯದ ಅಪರಾಧಕ್ಕಾಗಿ ಮಾಚವ್ವ ಮತ್ತಿತರರ ಮೇಲೆ ಮೊಕದ್ದಮೆ ದಾಖಲಾಯಿತು.

ಸಮನ್ಸು ಹಿಡಿದು ಬಂದ ಮಾಚವ್ವನನ್ನು ಕಂಡು ಕಾತ್ಯಾಯಿನಿ ಮೇಜು ಗುದ್ದಿ ಎದ್ದಳು.

"ನೀವು ಹೆದರಬೇಡಿ ಮಾಚವ್ವ. ಪೈಸೆ ತಗೊಳ್ಳದೆ ವಾದಿಸ್ತೀನಿ. ಈ ಕೇಸನ್ನೂ ಗೆದ್ದೇ ಗೆಲ್ತೀವಿ!"

ಮಾಚವ್ವ ಎರಡೂ ಕೈ ಜೋಡಿಸಿದಳು.

"ಬ್ಯಾಡ್ರವ್ವ, ನಿಮ್ಮ ಕಾಲಿಗ್ ಬೀಳ್ತೀನಿ. ಒಂದ್ಸಲ ಗೆದ್ದಿದ್ಕೇ ಹಳ್ಳ ಹೋಯ್ತು, ಬಂಡೇನೂ ಹೋಯ್ತು. ಈ ಸಲ ಹೆಂಗಾರ ಮಾಡಿ ಸೋಲಿಸ್ಬುಡಿ."